ಬೆಂಕಿ ಆರಿದ ಮೇಲೆ ಬಂದ ರೋಗ



1945ನೆಯ ಇಸವಿ ಆಗಸ್ಟ್ 6ನೆಯ ತಾರೀಖು ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಜಪಾನಿನ ಹಿರೋಷಿಮಾ ಪಟ್ಟಣದ ಮೇಲೂ, 9ನೆಯ ತಾರೀಖು 11 ಗಂಟೆ 2 ನಿಮಿಷಕ್ಕೆ ನಾಗಸಾಕಿಯ ಮೇಲೂ ಅಮೆರಿಕದವರು ಹಾಕಿದ ಬಾಂಬುಗಳ ವಿಚಾರವನ್ನು ಕೇಳದವರು ನಮ್ಮಲ್ಲಿ ಇರಲಾರರು. ಆ ವರ್ಷ ಮುಗಿಯುವುದರೊಳಗೆ ಹಿರೋಷಿಮಾದಲ್ಲಿ ಸುಮಾರು 1,40,000 ಮಂದಿಯೂ ನಾಗಸಾಕಿಯಲ್ಲಿ ಸುಮಾರು 70,000 ಮಂದಿಯೂ ಮಡಿದರೆಂದು ಅಂದಾಜು. ಬೆಂಕಿಯನ್ನೂ ಗಾಳಿಯ ಹೊಡೆತವನ್ನೂ ಕುಸಿದ ಮನೆಗಳನ್ನೂ ಕುರಿತು ಬೇಕಾದಷ್ಟು ಮಂದಿ ಬರೆದಿದ್ದಾರೆ. ಈ ಹೊತ್ತು ನಾವು ಆ ವರ್ಣನೆಗೆ ಕೈಹಾಕುವುದಿಲ್ಲ. ಬೆಂಕಿ ಆರಿ, ಗಾಯ ಮಾಗಿ, ಉದುರಿದ ತಲೆಗೂದಲು ಮತ್ತೆ ಬೆಳೆದು, ತಾವು ಉಳಿದೆವೆಂದು ನಂಬಿ ಕೆಲಸಕ್ಕೂ ಶಾಲೆಗೂ ಹೋಗತೊಡಗಿದ್ದವರಲ್ಲಿ ಕೆಲವರನ್ನು, ಎರಡು ವರ್ಷವೋ ಹತ್ತು ವರ್ಷವೋ ಕಳೆದ ಮೇಲೆ, ಹುಡುಕಿಕೊಂಡು ಬಂದ ಒಂದು ರೋಗವುಂಟು. ಅದರ ವಿಚಾರವೇ ಈ ಭಾಷಣದ ವಸ್ತು.

ಆ ರೋಗಕ್ಕೆ ವೈದ್ಯರು ಲ್ಯುಕೀಮಿಯಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಬಿಳಿಯ ರಕ್ತವೆಂದರ್ಥ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿರ್ಖೋ ಎಂಬ ಪಂಡಿತನು ಈ ಹೆಸರನ್ನು ಕೊಟ್ಟನು. ನಮ್ಮ ರಕ್ತದಲ್ಲಿ ಕೆಂಪು ಕಣಗಳೂ ಬಿಳಿಯ ಕಣಗಳೂ ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳೂ ಉಂಟಷ್ಟೆ. ಇವು ಹುಟ್ಟುವ ಸ್ಥಳ ಎಲುಬಿನೊಳಗಣ ಮಜ್ಜೆ. ಅಲ್ಲಿ ಹಗಲಿರುಳೂ ಕೆಲಸ ನಡೆಯುತ್ತಿರುತ್ತದೆ. ಕೆಂಪು ಕಣಗಳೇ ಒಂದೊಂದು ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸದಾಗಿ ತಯಾರಾಗಬೇಕು. ಈ ಮಜ್ಜೆಯ ಯಾವುದೋ ಒಂದು ಜೀವಕೋಶವು ಕಟ್ಟಳೆಯನ್ನು ಮೀರಿ, ಬಲಿಯದ ಬಿಳಿಯ ಕಣಗಳನ್ನು ಮಿತಿಯಿಲ್ಲದೆ ಹುಟ್ಟಿಸತೊಡಗಿದರೆ ಉಳಿದ ಕಣಗಳಿಗೆ ಎಡೆ ಸಾಲದು. ಆಗ ಮೈ ಬಿಳಚಿಕೊಳ್ಳುತ್ತದೆ. ಒಸಡಿನಲ್ಲಿ ರಕ್ತ ಒಸರುತ್ತದೆ. ಸಣ್ಣ ಜ್ವರವೂ ಪ್ರಾಣಾಂತಿಕವಾಗುತ್ತದೆ. ರೋಗಾಣು ತಗಲಿ ಬರುವ ಅಂಟುಜಾಡ್ಯ ಇದಲ್ಲ. ಇದು ಮನೆಯೊಳಗಿನವರೇ ತಿರುಗಿಬಿದ್ದಂತೆ.

ಕಿರಣಗಳಿಗೂ ಈ ರೋಗಕ್ಕೂ ಸಂಬಂಧವಿರಬಹುದೆಂಬ ಗುಮಾನಿ ಬಾಂಬಿಗಿಂತ ಹಳೆಯದು. ಕ್ಷ-ಕಿರಣಗಳು ಕಂಡುಬಂದದ್ದು 1895ರಲ್ಲಿ. 1911ರ ವೇಳೆಗಾಗಲೇ ಆ ಕಿರಣಗಳೊಡನೆ ಕೆಲಸಮಾಡುವವರಲ್ಲಿ ಲ್ಯುಕೀಮಿಯಾ ತೋರಿದ ವರದಿ ಯೂರೋಪಿನಲ್ಲಿ ಪ್ರಕಟವಾಗಿತ್ತು. 1944ರಲ್ಲಿ, ಎಂದರೆ ಹಿರೋಷಿಮಾಕ್ಕೆ ಒಂದು ವರ್ಷ ಮುಂಚೆ, ಅಮೆರಿಕದ ಮಾರ್ಚ್ ಎಂಬ ವೈದ್ಯರು ತಮ್ಮ ದೇಶದ ಡಾಕ್ಟರುಗಳ ಮರಣದ ಲೆಕ್ಕವನ್ನು ತೆಗೆದು, ಕ್ಷ-ಕಿರಣ ತಜ್ಞರು ಈ ರೋಗದಿಂದ ಸಾಯುವುದು ಉಳಿದ ವೈದ್ಯರಿಗಿಂತ ಎಷ್ಟೋ ಪಾಲು ಹೆಚ್ಚೆಂದು ತೋರಿಸಿದ್ದರು. ರೇಡಿಯಂ ಧಾತುವನ್ನು ಕಂಡುಹಿಡಿದ ಮೇರಿ ಕ್ಯೂರಿಯವರು 1934ರಲ್ಲಿ ತೀರಿಕೊಂಡದ್ದು ಮಜ್ಜೆ ಬತ್ತಿಹೋದ ಇನ್ನೊಂದು ಬಗೆಯ ರಕ್ತರೋಗದಿಂದ. ಅವರ ಮಗಳು ಐರೀನ್ 1956ರಲ್ಲಿ ತೀರಿಕೊಂಡದ್ದು ಲ್ಯುಕೀಮಿಯಾದಿಂದಲೇ. ಆದರೆ ಇವೆಲ್ಲ ದಿನವೂ ಅಷ್ಟಷ್ಟಾಗಿ ಅನೇಕ ವರ್ಷ ಕಿರಣಗಳನ್ನು ತಿಂದವರ ಸಂಗತಿ. ಒಂದೇ ಕ್ಷಣದಲ್ಲಿ ಒಂದು ಊರಿಗೆ ಊರೇ ಕಿರಣಕ್ಕೆ ಸಿಕ್ಕಿದರೆ ಏನಾದೀತೆಂಬುದಕ್ಕೆ ಅದುವರೆಗೆ ದೃಷ್ಟಾಂತವಿರಲಿಲ್ಲ.

ಹಿರೋಷಿಮಾದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ದೊಡ್ಡ ಆಯೋಗವೂ ಅಲ್ಲ, ಪರದೇಶದಿಂದ ಬಂದ ಪಂಡಿತಮಂಡಲಿಯೂ ಅಲ್ಲ. ತಾಕುಸೊ ಯಾಮಾವಾಕಿ ಎಂಬ ಆ ಊರಿನ ವೈದ್ಯರು 1940ರ ದಶಕದ ಕೊನೆಯಲ್ಲಿ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತ ನೋಡುತ್ತ, ಅಪರೂಪವಾಗಿರಬೇಕಾದ ಲ್ಯುಕೀಮಿಯಾ ಅಪರೂಪವಾಗಿಲ್ಲವೆಂಬುದನ್ನು ಕಂಡರು. ಆ ರೋಗಿಗಳಲ್ಲಿ ಬಾಂಬು ಬಿದ್ದ ಸ್ಥಳಕ್ಕೆ ಸಮೀಪದಲ್ಲಿದ್ದವರು ಹೆಚ್ಚು. ಹೆಸರುಗಳನ್ನು ಬರೆದಿಡುವ ಕೆಲಸ ಮೊದಲಾಯಿತು. ಅದೇ ಲ್ಯುಕೀಮಿಯಾ ದಾಖಲೆಯ ಪುಸ್ತಕವಾಗಿ ಬೆಳೆಯಿತು. 1950ರ ದಶಕದ ಆದಿಯಲ್ಲಿ ಅವರ ಹೆಸರೂ ಸೇರಿದ ವರದಿಗಳು ಪ್ರಕಟವಾಗಿ ಲೋಕಕ್ಕೆ ಸಂಗತಿ ತಿಳಿಯಿತು.

ಉಳಿದ ಅರ್ಬುದ ರೋಗಗಳಿಗೆ ಮುಂಚೆ ಇದೊಂದೇ ಕಣ್ಣಿಗೆ ಬಿದ್ದದ್ದೇಕೆ? ಇದಕ್ಕೆ ಎರಡು ಕಾರಣಗಳುಂಟು. ಒಂದು, ಇದು ಬೇಗ ಬರುತ್ತದೆ. ಬಾಂಬು ಬಿದ್ದ ಸುಮಾರು ಎರಡು ವರ್ಷಕ್ಕೆ ತಲೆದೋರಿ, ಆರರಿಂದ ಎಂಟನೆಯ ವರ್ಷದ ವೇಳೆಗೆ ತುದಿಮುಟ್ಟಿ, ಆಮೇಲೆ ಮೆಲ್ಲಮೆಲ್ಲನೆ ಇಳಿಯತೊಡಗಿತು. ಉಳಿದ ಅರ್ಬುದಗಳಾದರೋ ಹತ್ತು ವರ್ಷ ಸುಮ್ಮನಿದ್ದು, ಜನರಿಗೆ ವಯಸ್ಸಾದ ಹಾಗೆಲ್ಲ ಹೆಚ್ಚುತ್ತ ಹೋಗತಕ್ಕವು. ಇನ್ನೊಂದು ಕಾರಣ, ಲ್ಯುಕೀಮಿಯಾ ಸಾಧಾರಣ ಜನರಲ್ಲಿ ತೀರ ವಿರಳ. ಲಕ್ಷ ಮಂದಿಯಲ್ಲಿ ವರ್ಷಕ್ಕೆ ಕೆಲವರಿಗೆ ಬಂದರೆ ಬಂದೀತು. ಜಪಾನಿನಲ್ಲಿ ಆಗ ಹೊಟ್ಟೆಯ ಅರ್ಬುದವು ಮನೆಮನೆಯ ಮಾತಾಗಿತ್ತು. ಅದು ಸ್ವಲ್ಪ ಹೆಚ್ಚಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಬಣ್ಣದ ಸೀರೆಯ ಮೇಲೆ ಅರಿಸಿನದ ಕಲೆ ಬಿದ್ದರೆ ಹುಡುಕಬೇಕಾಗುತ್ತದೆ, ಬಿಳಿಯ ಪಂಚೆಯ ಮೇಲೆ ಬಿದ್ದರೆ ಬೀದಿಯವರಿಗೂ ಕಾಣುತ್ತದೆ.

ಕಣ್ಣಿಗೆ ಕಂಡದ್ದು ಒಂದು, ರುಜುವಾತಾಗುವುದು ಇನ್ನೊಂದು. ಅನ್ನ ಬೆಂದಿದೆಯೇ ಎಂದು ನೋಡುವುದಕ್ಕೆ ಒಂದಗುಳು ಸಾಕೆಂದು ನಮ್ಮ ಹೆಂಗಸರು ಹೇಳುತ್ತಾರೆ. ಈ ವಿಷಯದಲ್ಲಿ ಒಂದಗುಳು ಸಾಲದು, ಒಂದು ಪಾತ್ರೆಯೂ ಸಾಲದು. ಬಾಂಬಿನ ಕಿರಣದಿಂದ ಬಂದ ಲ್ಯುಕೀಮಿಯಾಕ್ಕೂ ತಾನಾಗಿ ಬಂದ ಲ್ಯುಕೀಮಿಯಾಕ್ಕೂ ರೂಪದಲ್ಲಿ ವ್ಯತ್ಯಾಸವಿಲ್ಲ. ರಕ್ತದ ತೊಟ್ಟನ್ನು ಎಷ್ಟು ಬಲವಾದ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೂ ಇದು ಇಂಥ ಕಾರಣದ್ದೆಂಬ ಮುದ್ರೆ ಅಲ್ಲಿರುವುದಿಲ್ಲ. ಆದಕಾರಣ ಇರುವ ಉಪಾಯ ಒಂದೇ: ಸಾವಿರಾರು ಮಂದಿಯ ಹೆಸರನ್ನು ಪಟ್ಟಿಮಾಡಿ, ಒಬ್ಬೊಬ್ಬರೂ ಆ ಗಳಿಗೆಯಲ್ಲಿ ಎಲ್ಲಿದ್ದರೆಂಬುದನ್ನು ತಿಳಿದು, ಅವರು ಬದುಕಿರುವ ತನಕ ಬಿಡದೆ ಹಿಂಬಾಲಿಸಿ, ಯಾರು ಯಾವ ರೋಗದಿಂದ ತೀರಿಕೊಂಡರೆಂದು ಲೆಕ್ಕವಿಡಬೇಕು.

ಇಂಥ ಲೆಕ್ಕಕ್ಕೆ ಜಪಾನಿನಷ್ಟು ಅನುಕೂಲವಾದ ದೇಶ ಬೇರೊಂದಿಲ್ಲ. ಅಲ್ಲಿ ಪ್ರತಿ ಮನೆತನದ ಜನನ ವಿವಾಹ ಮರಣಗಳೂ ಕೊಸೆಕಿ ಎಂಬ ಸರ್ಕಾರಿ ಕಡತದಲ್ಲಿ ಕ್ರಮವಾಗಿ ದಾಖಲಾಗುತ್ತವೆ. ಮನುಷ್ಯನು ದೇಶದ ಯಾವ ಮೂಲೆಯಲ್ಲಿ ಸತ್ತರೂ ಅವನ ಹುಟ್ಟೂರಿನ ಪುಸ್ತಕಕ್ಕೆ ಸುದ್ದಿ ಹೋಗುತ್ತದೆ. ನಮ್ಮ ಶಾನುಭೋಗರ ಖಾತೆಯು ಭೂಮಿಗೆ ಹೇಗೋ ಹಾಗೆ ಅದು ಮನುಷ್ಯರಿಗೆ. 1950ನೆಯ ಇಸವಿ ಅಕ್ಟೋಬರ್ 1ರಂದು ನಡೆದ ಜನಗಣತಿಯ ಸಂಗಡ, ಬಾಂಬು ಬಿದ್ದಾಗ ಆ ಎರಡು ಊರುಗಳಲ್ಲಿದ್ದವರು ಯಾರೆಂದೂ ವಿಚಾರಿಸಿದರು. ಅದರ ಆಧಾರದ ಮೇಲೆ ಸುಮಾರು 94,000 ಮಂದಿ ಬಾಂಬಿಗೆ ಈಡಾದವರನ್ನೂ, ಹೋಲಿಕೆಗಾಗಿ ಆ ದಿನ ಊರಲ್ಲಿಲ್ಲದಿದ್ದ ಸುಮಾರು 27,000 ಮಂದಿಯನ್ನೂ ಸೇರಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಇಷ್ಟು ಜನರನ್ನು ಇಷ್ಟು ದೀರ್ಘಕಾಲ ಬಿಡದೆ ಅನುಸರಿಸಿದ ಶೋಧನೆಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟೇ.

ಯಾರು ಎಷ್ಟು ಕಿರಣಕ್ಕೆ ಈಡಾದರೆಂದು ತಿಳಿಯುವುದು ಇನ್ನೂ ಕಷ್ಟದ ಕೆಲಸ. ಬೀದಿಯಲ್ಲಿ ನಿಂತವನಿಗೂ ಗೋಡೆಯ ಮರೆಯಲ್ಲಿದ್ದವನಿಗೂ ದೂರ ಒಂದೇ ಆದರೂ ಪ್ರಮಾಣ ಒಂದೇ ಅಲ್ಲ. ಅದಕ್ಕಾಗಿ ಮನೆಮನೆಗೂ ಜನರನ್ನು ಕಳುಹಿಸಿ, ಆ ಕ್ಷಣ ನೀವು ಎಲ್ಲಿದ್ದಿರಿ, ಯಾವ ದಿಕ್ಕಿಗೆ ಮುಖಮಾಡಿದ್ದಿರಿ, ಕುಳಿತಿದ್ದಿರೋ ನಿಂತಿದ್ದಿರೋ, ಛಾವಣಿ ಹೆಂಚಿನದೇ, ನಡುವೆ ಎಷ್ಟು ಗೋಡೆಗಳಿದ್ದವು ಎಂದು ಕೇಳಿ, ಮನೆಯ ನಕ್ಷೆಯನ್ನು ಬರೆದುಕೊಂಡರು. ಆ ಪ್ರಶ್ನೆಗಳಿಗೆ ಉತ್ತರ ಕೊಡುವವರ ಮನಸ್ಸಿನ ಸ್ಥಿತಿಯನ್ನು ಶ್ರೋತೃಗಳು ಊಹಿಸಬಹುದು. ಯಾವ ಗೋಡೆಯ ಪಕ್ಕದಲ್ಲಿ ತನ್ನ ತಾಯಿ ನಿಂತಿದ್ದಳೆಂಬುದನ್ನು ಅಂಗುಲದ ಲೆಕ್ಕದಲ್ಲಿ ಹೇಳಬೇಕಾಗಿತ್ತು. ಗೋಡೆ ಎಷ್ಟು ಕಿರಣವನ್ನು ತಡೆಯುತ್ತದೆಂದು ಅಳೆಯುವುದಕ್ಕಾಗಿ 1962ರಲ್ಲಿ ಅಮೆರಿಕದವರು ನೆವಾಡಾದ ಮರುಭೂಮಿಯಲ್ಲಿ ಸುಮಾರು 1,500 ಅಡಿ ಎತ್ತರದ ಉಕ್ಕಿನ ಗೋಪುರವನ್ನು ಎಬ್ಬಿಸಿ, ಅದರ ಸಮೀಪದಲ್ಲಿ ಜಪಾನೀ ಮಾದರಿಯ ಮನೆಗಳನ್ನು ಕಟ್ಟಿ, ಗೋಪುರದ ಮೇಲೆ ಹೊದಿಕೆಯಿಲ್ಲದ ಅಣುಕುಲುಮೆಯನ್ನು ಏರಿಸಿ ಕಿರಣಗಳನ್ನು ಹರಿಸಿದರು. ಊರನ್ನು ಸುಟ್ಟವರೇ ಹದಿನೇಳು ವರ್ಷದ ತರುವಾಯ ಆ ಊರಿನ ಮನೆಗಳನ್ನು ಮರಳುಗಾಡಿನಲ್ಲಿ ಶ್ರದ್ಧೆಯಿಂದ ಮತ್ತೆ ಕಟ್ಟಬೇಕಾಯಿತು! ಆಮೇಲಿನ ಶೋಧಕರು ಹಿರೋಷಿಮಾದ ಹಳೆಯ ಹೆಂಚುಗಳನ್ನೂ ಇಟ್ಟಿಗೆಗಳನ್ನೂ ತಂದು ಕಾಯಿಸಿ ನೋಡಿದರು. ಜೇಡಿಯೊಳಗಣ ಬೆಣಚುಕಲ್ಲಿನ ಕಣಗಳು ತಾವು ನುಂಗಿದ ಕಿರಣವನ್ನು ಹಿಡಿದಿಟ್ಟಿದ್ದು, ಕಾಯಿಸಿದಾಗ ಮಂದವಾದ ಬೆಳಕಾಗಿ ಹೊರಸೂಸುತ್ತವೆ. ಆ ಬೆಳಕನ್ನು ಅಳೆದರೆ ಪ್ರಮಾಣ ಗೊತ್ತಾಗುತ್ತದೆ. ಮನುಷ್ಯರ ನೆನಪಿಗೆ ಹೆಂಚು ಸಾಕ್ಷಿ ಹೇಳಿತು.

ಈ ಕೆಲಸವನ್ನೆಲ್ಲ ಮೊದಲು ನಡೆಸಿದ್ದು 1947ರಲ್ಲಿ ಅಮೆರಿಕದವರು ಸ್ಥಾಪಿಸಿದ ಅಣುಬಾಂಬು ಸಂತ್ರಸ್ತರ ಆಯೋಗ. ಅದರ ಕಟ್ಟಡಗಳು ಹಿರೋಷಿಮಾದ ಹಿಜಿಯಾಮಾ ಎಂಬ ಗುಡ್ಡದ ಮೇಲೆ ಎದ್ದವು. ಆಯೋಗದ ಜೀಪುಗಳು ಬೆಳಗ್ಗೆ ಬಂದು ಜನರನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದವು; ರಕ್ತವನ್ನು ತೆಗೆದು, ಎತ್ತರ ತೂಕಗಳನ್ನು ಅಳೆದು, ಚಿತ್ರ ಹಿಡಿದು, ಮರಳಿ ಮನೆಗೆ ಬಿಡುತ್ತಿದ್ದವು. ಔಷಧವನ್ನು ಮಾತ್ರ ಕೊಡುತ್ತಿರಲಿಲ್ಲ. ಪರೀಕ್ಷೆ ನಮ್ಮ ಕೆಲಸ, ಚಿಕಿತ್ಸೆ ನಮ್ಮದಲ್ಲ ಎಂಬುದು ಆಯೋಗದ ಕಟ್ಟುಪಾಡು. ಚಿಕಿತ್ಸೆಯನ್ನು ಕೊಟ್ಟರೆ ಸ್ಥಳೀಯ ವೈದ್ಯರ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆಂದು ಒಂದು ಕಾರಣವನ್ನು ಹೇಳುತ್ತಿದ್ದರು. ಚಿಕಿತ್ಸೆಯೆಂದರೆ ತಪ್ಪೊಪ್ಪಿಗೆಯೆಂದು ಜನ ತಿಳಿದಾರೆಂಬ ಅಂಜಿಕೆಯೂ ಅಧಿಕಾರಿಗಳ ಮನಸ್ಸಿನಲ್ಲಿದ್ದಿತು. ನಮ್ಮನ್ನು ಗಿನಿಹಂದಿಗಳಂತೆ ನೋಡಿದರು ಎಂದು ಅಲ್ಲಿನ ಜನ ಹೇಳಿದ್ದರಲ್ಲಿ ಅತಿಶಯೋಕ್ತಿ ಏನೂ ನಮಗೆ ಕಾಣುವುದಿಲ್ಲ. ಪ್ರಯೋಗಶಾಸ್ತ್ರಕ್ಕೆ ತನ್ನದೇ ಆದ ಶಿಸ್ತು ಇರಬಹುದು. ಆದರೆ ಮಗುವಿನ ರಕ್ತದಲ್ಲಿ ಕೇಡನ್ನು ಕಂಡು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುವುದನ್ನು ವೈದ್ಯಧರ್ಮವೆಂದು ಯಾವ ದೇಶದ ಗ್ರಂಥವೂ ಹೇಳುವುದಿಲ್ಲ. 1975ರಲ್ಲಿ ಆಯೋಗವು ಹೋಗಿ, ಜಪಾನ್ ಅಮೆರಿಕಗಳೆರಡೂ ಸೇರಿ ನಡೆಸುವ ವಿಕಿರಣ ಪರಿಣಾಮ ಸಂಶೋಧನ ಪ್ರತಿಷ್ಠಾನವು ಬಂದಿತು. ಅದರ ಅಧ್ಯಕ್ಷರು 2017ರಲ್ಲಿ, ಹಿಂದೆ ಹೀಗೆ ಚಿಕಿತ್ಸೆಯಿಲ್ಲದೆ ಪರೀಕ್ಷೆ ನಡೆಸಿದ್ದಕ್ಕಾಗಿ ಬಹಿರಂಗವಾಗಿ ವಿಷಾದವನ್ನು ಸೂಚಿಸಿದರು. ಎಪ್ಪತ್ತು ವರ್ಷ ಹಿಡಿಯಿತು.

ಇಷ್ಟಾದರೂ ಆ ಜನರು ಗುಡ್ಡವನ್ನು ಹತ್ತುವುದನ್ನು ನಿಲ್ಲಿಸಲಿಲ್ಲವೆಂಬುದೂ, ಅದರಿಂದಲೇ ಲೆಕ್ಕವು ಪೂರ್ಣವಾಯಿತೆಂಬುದೂ ಗಮನಿಸತಕ್ಕ ವಿಷಯ. ಆ ಲೆಕ್ಕದಲ್ಲಿ ಸಿಕ್ಕಿದ್ದೇನೆಂಬುದನ್ನು ಈಗ ನೋಡೋಣ. ಅಂಕಿಗಳು ಕಿವಿಗೆ ಹಿತವಾದ ವಸ್ತುವಲ್ಲ; ಆದರೂ ಕೆಲವನ್ನು ಹೇಳದೆ ವಿಷಯ ಸಾಗುವುದಿಲ್ಲ. ಮೈಯೊಳಗೆ ಇಳಿದ ಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಿಂದ ಅಳೆಯುತ್ತಾರೆ. ಸೇರಿಗೆ ಪಾವು ಇದ್ದಂತೆ ಗ್ರೇಗೂ ಅದರ ಭಾಗಗಳುಂಟು. ಪಟ್ಟಿಯಲ್ಲಿದ್ದವರ ಪೈಕಿ ಮಜ್ಜೆಗೆ ಒಂದು ಗ್ರೇಯ ಸಾವಿರದಲ್ಲಿ ಐದು ಭಾಗವಾದರೂ ಕಿರಣ ತಗಲಿದವರು 49,204 ಮಂದಿ. 1950ರಿಂದ 2000ನೆಯ ಇಸವಿಯವರೆಗಿನ ಐವತ್ತು ವರ್ಷಗಳಲ್ಲಿ ಇವರೊಳಗೆ ಲ್ಯುಕೀಮಿಯಾದಿಂದ ಸತ್ತವರು 204 ಮಂದಿ. ಬಾಂಬು ಬೀಳದೆ ಇದ್ದರೂ ಇಷ್ಟು ದೊಡ್ಡ ಸಮೂಹದಲ್ಲಿ ಇಷ್ಟು ವರ್ಷಗಳಲ್ಲಿ 110 ಮಂದಿ ಈ ರೋಗದಿಂದ ಸಾಯಬೇಕಾಗಿತ್ತು. ಮಿಕ್ಕ 94 ಬಾಂಬಿನ ಪಾಲು.

ತೊಂಬತ್ತನಾಲ್ಕೇ, ಇಷ್ಟೇ ಏನು, ಎಂದು ಕೆಲವರು ಕೇಳಿಯಾರು. ಲಕ್ಷಾಂತರ ಮಂದಿ ಸತ್ತ ಕಡೆ ಇದು ಅಲ್ಪವಾಗಿ ತೋರುವುದು ಸಹಜ. ಆದರೆ ಒಟ್ಟು ಸಂಖ್ಯೆಯನ್ನು ಬಿಚ್ಚಿ ನೋಡಬೇಕು. ಅತ್ಯಂತ ಹೆಚ್ಚಾಗಿ, ಎಂದರೆ ಒಂದು ಗ್ರೇಯೂ ಅದಕ್ಕೆ ಮೇಲ್ಪಟ್ಟೂ ಕಿರಣಕ್ಕೆ ಈಡಾದವರು 2,709 ಮಂದಿ. ಅವರಲ್ಲಿ ಈ ರೋಗದಿಂದ ಸತ್ತವರು 64. ಆ 64ರಲ್ಲಿ 56 ಬಾಂಬಿನಿಂದ ಆದದ್ದು. ಎಂದರೆ ಎಂಟು ಸಾಯುವ ಕಡೆ ಅರವತ್ತನಾಲ್ಕು ಸತ್ತವು. ಇನ್ನು ಅತ್ಯಲ್ಪವಾಗಿ, ಒಂದು ಗ್ರೇಯ ಹತ್ತನೆಯ ಒಂದು ಭಾಗಕ್ಕಿಂತ ಕಡಮೆಯಾಗಿ ಕಿರಣ ತಗಲಿದವರು 30,387 ಮಂದಿ. ಅವರಲ್ಲಿ ಸತ್ತವರು 69. ಬಾಂಬಿನ ಪಾಲು ಇಲ್ಲಿ ನಾಲ್ಕೇ ನಾಲ್ಕು.

ಶ್ರೋತೃಗಳು ಈ ಎರಡು ಗುಂಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಚಿಸಬೇಕು. ಒಂದರಲ್ಲಿ 64 ಮನೆಗಳು, ಇನ್ನೊಂದರಲ್ಲಿ 69 ಮನೆಗಳು. ಎಲ್ಲ ಮನೆಗಳಲ್ಲಿಯೂ ಒಂದೇ ರೋಗ, ಒಂದೇ ಬಗೆಯ ಸಾವು. ಎಲ್ಲ ಮನೆಯವರೂ ಆ ಬೆಳಗಿನ ಮಿಂಚನ್ನು ಕಂಡವರು. ಎರಡನೆಯ ಗುಂಪಿನ 69 ಮನೆಗಳವರೂ, ನಮ್ಮವರನ್ನು ಬಾಂಬೇ ಕೊಂದಿತೆಂದು ನಂಬಿರಬಹುದು. ಅವರಲ್ಲಿ 65 ಮನೆಗಳವರ ನಂಬಿಕೆ ಸರಿಯಲ್ಲ, ನಾಲ್ಕು ಮನೆಗಳವರದು ಸರಿ. ಆ ನಾಲ್ಕು ಯಾವುವೆಂದು ಕೇಳಿದರೆ ಯಾವ ಶಾಸ್ತ್ರಜ್ಞನಿಂದಲೂ ಉತ್ತರ ಬಾರದು. ಮೊದಲನೆಯ ಗುಂಪಿನಲ್ಲಿಯೂ ಅಷ್ಟೆ. ಬಾಂಬಿಲ್ಲದೆಯೂ ಸಾಯುತ್ತಿದ್ದ ಎಂಟು ಮಂದಿ ಯಾರೆಂದು ಹೇಳಲಾಗದು. ಎರಡು ಕಾಲುವೆಗಳು ಬಂದು ಸೇರುವ ಕೆರೆಯಲ್ಲಿ, ಯಾವ ಕಾಲುವೆಯಿಂದ ಎಷ್ಟು ನೀರು ಬಂದಿತೆಂದು ತೂಬಿನ ಬಳಿ ಅಳೆದು ಹೇಳಬಹುದು. ತುಂಬಿ ತಂದ ಕೊಡವನ್ನು ತೋರಿಸಿ ಇದು ಯಾವ ಕಾಲುವೆಯದೆಂದು ಕೇಳಿದರೆ ಏನು ಹೇಳುವುದು? ಕಿರಣದ ಕೇಡಿನ ಸ್ವಭಾವವೇ ಹೀಗೆ. ಅದು ಸಮೂಹದಲ್ಲಿ ನಿಸ್ಸಂದೇಹ, ವ್ಯಕ್ತಿಯಲ್ಲಿ ಸಂದೇಹ.

ಈ ಸಂದೇಹವು ಪಂಡಿತರ ಚರ್ಚೆಯಲ್ಲಿ ಮಾತ್ರ ಉಳಿಯುವುದಾಗಿದ್ದರೆ ಬಾಧಕವಿರಲಿಲ್ಲ. ಅದು ನ್ಯಾಯಸ್ಥಾನಕ್ಕೆ ಹೋಯಿತು. ಜಪಾನಿನ ಸರ್ಕಾರವು 1957ರಲ್ಲಿ ಬಾಂಬಿಗೆ ಈಡಾದವರ ವೈದ್ಯಕೀಯ ನೆರವಿಗಾಗಿ ಕಾನೂನನ್ನು ಮಾಡಿ, ಹಿಬಾಕುಷಾ ಎಂದು ಕರೆಯಲ್ಪಡುವ ಈ ಜನರಿಗೆ ಆರೋಗ್ಯದ ಕೈಪುಸ್ತಕಗಳನ್ನು ಕೊಟ್ಟಿತು. ಆದರೆ ಇಂಥವರ ರೋಗವು ಬಾಂಬಿನಿಂದಲೇ ಬಂದದ್ದೆಂದು ಒಪ್ಪಿ ವಿಶೇಷ ಭತ್ಯವನ್ನು ಕೊಡಬೇಕಾದರೆ ಬೇರೆ ವಿಚಾರಣೆಯುಂಟು. 2001ರಿಂದ ಅಧಿಕಾರಿಗಳು ಮೇಲೆ ಹೇಳಿದ ಲೆಕ್ಕವನ್ನೇ ತಕ್ಕಡಿಯಾಗಿ ಹಿಡಿದರು: ಅರ್ಜಿದಾರನ ವಯಸ್ಸು, ದೂರ, ಪ್ರಮಾಣ ಇವುಗಳಿಂದ ಇಷ್ಟು ಭಾಗ ಸಂಭವವೆಂದು ಗುಣಿಸಿ, ಸಂಭವ ಕಡಮೆಯಾದರೆ ಅರ್ಜಿಯನ್ನು ತಳ್ಳಿಬಿಡುವುದು. 2003ರಿಂದ ನೂರಾರು ಮಂದಿ ಒಟ್ಟಾಗಿ ದಾವೆ ಹೂಡಿದರು. ಸಮೂಹಕ್ಕೆ ಸಲ್ಲುವ ಗಣಿತವನ್ನು ಒಬ್ಬ ಮನುಷ್ಯನ ಮೇಲೆ ಯಂತ್ರದಂತೆ ಹೂಡಬಾರದೆಂಬ ಅಭಿಪ್ರಾಯಕ್ಕೆ ನ್ಯಾಯಾಲಯಗಳು ಮೇಲಿಂದ ಮೇಲೆ ಬಂದವು. 2008ರಲ್ಲಿ ಸರ್ಕಾರವು ನಿಯಮಗಳನ್ನು ಸಡಿಲಿಸಬೇಕಾಯಿತು. ಬಾಂಬಿನ ಕೇಂದ್ರದಿಂದ ಮೂರೂವರೆ ಕಿಲೋಮೀಟರಿನೊಳಗೆ ಇದ್ದವರಿಗೆ ಲ್ಯುಕೀಮಿಯಾ ಮೊದಲಾದ ರೋಗಗಳು ಬಂದರೆ ಹೆಚ್ಚು ತಕರಾರಿಲ್ಲದೆ ಒಪ್ಪುವುದೆಂದಾಯಿತು. ಇದು ಶಾಸ್ತ್ರಕ್ಕೆ ವಿರೋಧವೆಂದು ಕೆಲವು ವಿಜ್ಞಾನಿಗಳು ಗೊಣಗಿದರು. ನಮ್ಮ ಎಣಿಕೆಯಲ್ಲಿ ಇದು ಶಾಸ್ತ್ರಕ್ಕೆ ವಿರೋಧವಲ್ಲ. ನಾಲ್ವರು ಯಾರೆಂದು ತಿಳಿಯದಿದ್ದಾಗ ಅರವತ್ತೊಂಬತ್ತು ಮಂದಿಯನ್ನೂ ಹಿಂದಕ್ಕೆ ಕಳುಹಿಸುವುದು ಒಂದು ದಾರಿ. ಅರವತ್ತೊಂಬತ್ತು ಮಂದಿಗೂ ಕೊಡುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಅಂಕಿಗಳು ಹೇಳುವುದಿಲ್ಲ. ಅದು ರಾಜ್ಯಧರ್ಮದ ಪ್ರಶ್ನೆ.

ಅಂಕಿಗಳ ಈಚೆಗೆ ಬಂದು ಒಂದು ಮಗುವಿನ ಸಂಗತಿಯನ್ನು ಹೇಳುವುದು ಈಗ ಯುಕ್ತವಾಗಿದೆ. ಈ ರೋಗದ ಮೊದಲನೆಯ ಅಲೆಯು ಬಾಂಬಿನ ಕಾಲಕ್ಕೆ ಚಿಕ್ಕವರಾಗಿದ್ದವರನ್ನೇ ಹೆಚ್ಚಾಗಿ ಬಡಿಯಿತು. ಸಡಾಕೊ ಸಸಾಕಿ ಎಂಬ ಹುಡುಗಿಗೆ ಆಗ ಎರಡು ವರ್ಷ. ಮನೆ ಬಾಂಬಿನ ಕೇಂದ್ರಕ್ಕೆ ಸುಮಾರು ಒಂದು ಮೈಲಿ ದೂರ. ಅವಳಿಗೆ ಗಾಯವೇನೂ ಆಗಲಿಲ್ಲ. ಶಾಲೆಯಲ್ಲಿ ಓಟದ ಪಂದ್ಯಗಳಲ್ಲಿ ಚುರುಕಾಗಿದ್ದ ಹುಡುಗಿ. 1955ರ ಫೆಬ್ರವರಿಯಲ್ಲಿ ಲ್ಯುಕೀಮಿಯಾವೆಂದು ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದರು. ಅದೇ ವರ್ಷ ಅಕ್ಟೋಬರ್ 25ರಂದು ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕಾಗದದ ಸಾವಿರ ಕೊಕ್ಕರೆಗಳನ್ನು ಮಡಿಚಿದವರ ಇಷ್ಟಾರ್ಥ ಸಿದ್ಧಿಸುತ್ತದೆಂಬ ನಂಬಿಕೆ ಅವರಲ್ಲುಂಟು. ಅವಳು ಔಷಧದ ಹೊದಿಕೆಯ ಕಾಗದವನ್ನೂ ಬಿಡದೆ ಮಡಿಚಿದಳು. ಸಾವಿರ ತುಂಬುವುದರೊಳಗೆ ಸತ್ತಳೆಂದು ಮಕ್ಕಳ ಪುಸ್ತಕವೊಂದರಿಂದ ಕಥೆ ಹರಡಿದೆ. ಸಾವಿರ ತುಂಬಿ ಇನ್ನೂ ಮುಂದಕ್ಕೆ ಹೋಗಿತ್ತೆಂದು ಅವಳ ಮನೆಯವರು ಹೇಳಿದ್ದಾರೆ. ಮನೆಯವರ ಮಾತು ಕಥೆಗಿಂತ ಕಠಿನವಾದದ್ದು. ಅವಳ ಸಹಪಾಠಿಗಳು ಹಣ ಕೂಡಿಸಲು ಮೊದಲುಮಾಡಿ, ಅದರಿಂದ ಎದ್ದ ಮಕ್ಕಳ ಸ್ಮಾರಕವು 1958ರ ಮೇ 5ರಂದು ಹಿರೋಷಿಮಾದಲ್ಲಿ ಅನಾವರಣವಾಯಿತು.

ಅವಳ ಕಾಲದಲ್ಲಿ ಈ ರೋಗಕ್ಕೆ ಇದ್ದ ಔಷಧಗಳು ಕೆಲವು ತಿಂಗಳ ಬಿಡುವನ್ನು ಮಾತ್ರ ಕೊಡಬಲ್ಲವಾಗಿದ್ದವು. ಆಮೇಲೆ ಜ್ಞಾನ ಬೆಳೆಯಿತು. ಕಿರಣವು ಜೀವಕೋಶದ ಗರ್ಭದಲ್ಲಿರುವ ವರ್ಣತಂತುಗಳನ್ನು ಕತ್ತರಿಸುತ್ತದೆ. ಕೋಶವು ತುಂಡುಗಳನ್ನು ಮತ್ತೆ ಗಂಟುಹಾಕುವಾಗ ಒಮ್ಮೊಮ್ಮೆ ಒಂದರ ತಲೆಗೆ ಇನ್ನೊಂದರ ಬಾಲ ಸೇರುತ್ತದೆ. ದೀರ್ಘಕಾಲದ ಮಜ್ಜೆಯ ಲ್ಯುಕೀಮಿಯಾ ಎಂಬ ಬಗೆಯಲ್ಲಿ 9ನೆಯ ತಂತುವಿಗೂ 22ನೆಯ ತಂತುವಿಗೂ ಹೀಗೆ ಅದಲುಬದಲಾಗಿರುತ್ತದೆಂದು 1973ರಲ್ಲಿ ಜ್ಯಾನೆಟ್ ರೌಲಿ ಎಂಬ ಅಮೆರಿಕದ ಮಹಿಳೆಯು ತೋರಿಸಿದರು. ಆ ತಪ್ಪು ಗಂಟಿನಿಂದ ಹುಟ್ಟುವ ವಸ್ತುವನ್ನೇ ತಡೆಯುವ ಗುಳಿಗೆಯು 2001ರಿಂದ ಬಳಕೆಗೆ ಬಂದು, ಹಿಂದೆ ಕೆಲವೇ ವರ್ಷ ಬದುಕುತ್ತಿದ್ದ ರೋಗಿಗಳು ಈಗ ದಶಕಗಳ ಕಾಲ ಬದುಕುವಂತಾಗಿದೆ. ಹಿರೋಷಿಮಾದಲ್ಲಿ ಹೆಚ್ಚಾಗಿ ತೋರಿದ ಬಗೆಗಳಲ್ಲಿ ಇದೂ ಒಂದು.

ಲ್ಯುಕೀಮಿಯಾಗಳೆಲ್ಲ ಒಂದೇ ಅಲ್ಲವೆಂಬುದಕ್ಕೆ ನಾಗಸಾಕಿಯೇ ಸಾಕ್ಷಿ. ಆ ಊರು ಇರುವ ಕ್ಯೂಷೂ ದ್ವೀಪದಲ್ಲಿ ದೊಡ್ಡವರಿಗೆ ಬರುವ ಒಂದು ಜಾತಿಯ ಲ್ಯುಕೀಮಿಯಾ ಹಿಂದಿನಿಂದಲೂ ಹೆಚ್ಚು. ತಾಯಿಯ ಹಾಲಿನ ಮೂಲಕ ಮಗುವಿಗೆ ದಾಟುವ ಒಂದು ವೈರಸ್ಸೇ ಅದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಬಾಂಬಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಬೇರ್ಪಡಿಸದೆ ಎಣಿಸಿದ್ದರೆ ಲೆಕ್ಕವು ಕದಡಿಹೋಗುತ್ತಿತ್ತು.

ಲೆಕ್ಕಕ್ಕೆ ಸಿಕ್ಕದೆ ಹೋದವರ ಮಾತನ್ನೂ ಆಡಬೇಕು. ಪಟ್ಟಿ ಮೊದಲಾದದ್ದು 1950ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚಿನ ಐದು ವರ್ಷಗಳಲ್ಲಿ ಇದೇ ರೋಗದಿಂದ ಸತ್ತವರು ಆ 204ರೊಳಗೆ ಸೇರಿಲ್ಲ. ಆ ಹೊತ್ತಿಗೆ ಜಪಾನನ್ನು ಬಿಟ್ಟು ಸ್ವದೇಶಕ್ಕೆ ಹೊರಟುಹೋಗಿದ್ದ ಕೊರಿಯದ ಕೂಲಿಗಾರರೂ ಅವರ ಮನೆಯವರೂ ಸೇರಿಲ್ಲ. ಆದುದರಿಂದ ತೊಂಬತ್ತನಾಲ್ಕೆಂಬುದು ಎಣಿಸಲು ಸಿಕ್ಕಿದವರ ಸಂಖ್ಯೆ, ಸತ್ತವರೆಲ್ಲರ ಸಂಖ್ಯೆಯಲ್ಲ.

ಬಾಂಬಿಗೆ ಈಡಾದವರು ಲೆಕ್ಕದ ಪುಸ್ತಕದ ಹೊರಗೆ ಅನುಭವಿಸಿದ್ದು ಇನ್ನೊಂದು. ಅವರಿಗೆ ಹುಟ್ಟುವ ಮಕ್ಕಳಿಗೂ ರಕ್ತದ ಕೇಡು ಇಳಿಯುತ್ತದೆಂದು ನೆರೆಹೊರೆಯವರು ನಂಬಿದರು. ಹೆಣ್ಣು ಕೊಡುವವರು ಹಿಂಜರಿದರು, ತರುವವರೂ ಹಿಂಜರಿದರು. ಎಷ್ಟೋ ಮಂದಿ ತಾವು ಆ ದಿನ ಆ ಊರಿನಲ್ಲಿದ್ದುದನ್ನು ಮುಚ್ಚಿಟ್ಟು ಬಾಳಿದರು. ಈಡಾದವರ ಸುಮಾರು 77,000 ಮಕ್ಕಳನ್ನು ಇದೇ ಪ್ರತಿಷ್ಠಾನದವರು ಅನುಸರಿಸುತ್ತಿದ್ದಾರೆ; ತಂದೆತಾಯಿಗಳಿಗೆ ತಗಲಿದ ಕಿರಣದಿಂದ ಆ ಮಕ್ಕಳಲ್ಲಿ ಲ್ಯುಕೀಮಿಯಾ ಹೆಚ್ಚಿದ ಲಕ್ಷಣವು ಇದುವರೆಗೆ ಕಂಡುಬಂದಿಲ್ಲ. ಅಂಕಿಗಳು ಯಾರಿಗಾದರೂ ಸಮಾಧಾನ ಹೇಳಬಲ್ಲವಾದರೆ ಹೇಳಬೇಕಾದ ಸ್ಥಳ ಇದು. ಆದರೆ ಅವು ಸಿದ್ಧವಾಗುವ ಹೊತ್ತಿಗೆ ಮದುವೆಯ ವಯಸ್ಸು ಮೀರಿಹೋಗಿತ್ತು.

ದೂರದ ಜಪಾನಿನ ಈ ಎಣಿಕೆಯಿಂದ ನಮಗೇನೆಂದು ಕೇಳುವವರು ಯಾವುದಾದರೂ ಆಸ್ಪತ್ರೆಯ ಕ್ಷ-ಕಿರಣದ ಕೋಣೆಯನ್ನು ನೋಡಬಹುದು. ಅಲ್ಲಿ ಕೆಲಸಮಾಡುವವನ ಎದೆಗೆ ಸಿಕ್ಕಿಸಿದ ಸಣ್ಣ ಬಿಲ್ಲೆಯು ಅವನಿಗೆ ತಗಲಿದ ಕಿರಣವನ್ನು ಅಳೆಯುತ್ತಿರುತ್ತದೆ. ಉತ್ತರ ಕನ್ನಡದ ಕೈಗಾ ವಿದ್ಯುತ್ ಕೇಂದ್ರದ ಕೆಲಸಗಾರರಿಗೂ ಅಂಥ ಅಳತೆಯುಂಟು. ನಮ್ಮ ದೇಶದಲ್ಲಿ ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದೆಂದೂ, ಯಾವ ಒಂದು ವರ್ಷದಲ್ಲಿಯೂ 30 ದಾಟಬಾರದೆಂದೂ ವಿಧಿಸಿದ್ದಾರೆ. ಇಂಥ ಮಿತಿಗಳನ್ನು ಗೊತ್ತುಮಾಡುವಾಗ ಲೋಕದ ಪಂಡಿತರು ಮುಖ್ಯವಾಗಿ ಆಶ್ರಯಿಸಿರುವುದು ಹಿರೋಷಿಮಾ ನಾಗಸಾಕಿಗಳ ಆ ಪಟ್ಟಿಯನ್ನೇ. ಬೆನ್ನೆಲುಬಿನ ನೋವಿಗೆ ಕ್ಷ-ಕಿರಣದ ಚಿಕಿತ್ಸೆ ಪಡೆದ ಇಂಗ್ಲೆಂಡಿನ ರೋಗಿಗಳಲ್ಲಿ ಲ್ಯುಕೀಮಿಯಾ ಹೆಚ್ಚೆಂದು 1957ರಲ್ಲಿ ಕೋರ್ಟ್ ಬ್ರೌನ್ ಮತ್ತು ಡಾಲ್ ಎಂಬವರು ತೋರಿಸಿದ ಮೇಲೆ ಜಪಾನಿನ ಲೆಕ್ಕಕ್ಕೆ ಇನ್ನೊಂದು ದೇಶದ ಬೆಂಬಲವೂ ದೊರೆಯಿತು.

2025ನೆಯ ಇಸವಿ ಮಾರ್ಚ್ ತಿಂಗಳ ಕೊನೆಗೆ ಕೈಪುಸ್ತಕವನ್ನು ಹೊಂದಿ ಬದುಕಿದ್ದ ಹಿಬಾಕುಷಾಗಳು 99,130 ಮಂದಿ. ಅವರ ಸರಾಸರಿ ವಯಸ್ಸು 86 ದಾಟಿತ್ತು. ಅವರ ಸಂಘಗಳ ಒಕ್ಕೂಟಕ್ಕೆ 2024ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ಬಾಂಬಿನ ಕಾಲಕ್ಕೆ ಕೈಗೂಸುಗಳಾಗಿದ್ದವರು ಈಗ ಮುದುಕರಾಗಿದ್ದಾರೆ. ಲ್ಯುಕೀಮಿಯಾದ ಮೊದಲ ಅಲೆ ಎಂದೋ ಇಳಿದುಹೋಯಿತು. ಆದರೆ ಅದಕ್ಕೆ ದಾಯಾದಿಯಾದ, ಮಜ್ಜೆಯು ಕ್ರಮಗೆಟ್ಟು ಕೆಲವೊಮ್ಮೆ ಲ್ಯುಕೀಮಿಯಾವಾಗಿ ತಿರುಗುವ ಇನ್ನೊಂದು ರೋಗವು, ಬಾಂಬು ಬಿದ್ದ ನಲವತ್ತು ಐವತ್ತು ವರ್ಷಗಳ ತರುವಾಯವೂ ನಾಗಸಾಕಿಯವರಲ್ಲಿ ಹೆಚ್ಚಾಗಿದೆಯೆಂದೂ, ಕೇಂದ್ರಕ್ಕೆ ಹತ್ತಿರ ಇದ್ದಷ್ಟೂ ಹೆಚ್ಚೆಂದೂ 2011ರಲ್ಲಿ ಅಲ್ಲಿನ ವೈದ್ಯರು ಪ್ರಕಟಿಸಿದರು. ಪಟ್ಟಿಯಲ್ಲಿ ಇನ್ನೂ ಉಳಿದಿರುವ ಹೆಸರುಗಳ ಮುಂದೆ ಮರಣದ ತಾರೀಖನ್ನೂ ಕಾರಣವನ್ನೂ ಬರೆಯಬೇಕಾದ ಜಾಗವು ಖಾಲಿಯಾಗಿದೆ.